ಬಲೆ ದಾಟದ ಕಾಲು (ಕಂತು ೯)

"ನಿಮ್ಮಪ್ಪನ್ನ ಕೊಂದವಳು ನೀನೇ. ಒಪ್ಕೊಂಡು ಬಿಡು, ಎಲ್ಲರಿಗೂ ನೆಮ್ಮದಿಯಾಗುತ್ತೆ," ಅಂದ ಲೌ ಮೇಷ್ಟ್ರು.

ಶುಚಿನ್ ಒಲೆಯ ಪಕ್ಕದಲ್ಲಿ ಹುಳಿ ಎಲೆಕೋಸು ಹೆಚ್ಚುತ್ತಿದ್ದಳು. ಅವಳ ಕತ್ತಿ ನಿಲ್ಲಲಿಲ್ಲ.

"ನೆಮ್ಮದಿ ಬೇಕಾದ್ರೆ ಮನೆಗೆ ಹೋಗಿ ಮೇಷ್ಟ್ರೇ. ನದಿ ಹೊರಗೇ ಬಿದ್ದಿದೆ. ನಿಮ್ಮ ಭಾರಕ್ಕೆ ಮಂಜುಗಡ್ಡೆ ಎಷ್ಟು ದೂರ ತಡಿಯುತ್ತೋ ನಾವೂ ನೋಡ್ತೀವಿ."

"ಕೇಳಿದ್ರಾ ಬಾಯಿ? ಅಪ್ಪನ ಹೆಣ ಬಲೆಮನೇಲಿ ಮಲಗಿದೆ, ಇವಳಿಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದಾಳೆ."

"ಹೆಚ್ಚದೇ ಇದ್ರೆ ನೀವು ತಿನ್ನೋದೇನು? ನಿಮ್ಮ ಹಂಸದ ಪುಸ್ತಕಾನಾ?"

"ನಾಲಿಗೆ ಬಿಗಿ ಹಿಡಿ."

"ನನ್ನ ಮನೇಲಿ ಕೂತು, ನನ್ನ ಸೌದೇಲಿ ಮೈ ಕಾಯಿಸ್ಕೊಂಡು, ನನಗೇ ಬಿಗಿ ಹಿಡಿ ಅಂತೀರಾ? ಮೂರು ಹೊತ್ತು ಕೊಲೆಗಾತಿ ಬೇಯಿಸಿದ್ದನ್ನೇ ತಿಂತಿದ್ದೀರಿ. ಹೊಟ್ಟೆಗೇನೂ ಆಗಿಲ್ಲ ತಾನೇ?"

ಒಲೆಯ ಶಾಖಕ್ಕೆ ಕಾದಿದ್ದ ಇಟ್ಟಿಗೆ ಜಗಲಿಯ ಮೂಲೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಯೂಫನ್ ಇಬ್ಬರನ್ನೂ ಸುಮ್ಮನಿರಿಸಲಿಲ್ಲ. ಜಗಳದಲ್ಲಿ ಜನ ಎಚ್ಚರ ತಪ್ಪುತ್ತಾರೆ. ನದಿ ಪೊಲೀಸಿನಲ್ಲಿ ಇಷ್ಟು ವರ್ಷ ಸವೆಸಿ ಅವಳು ಕಲಿತದ್ದು ಅಷ್ಟೇ.

ಆದರೆ ಲೌ ಮೇಷ್ಟ್ರ ದನಿ ಕೇಳಿ ಕೇಳಿ ಅವಳಿಗೂ ಮೈ ಉರಿಯುತ್ತಿತ್ತು. ಕೋಟಿನ ಎಲ್ಲ ಗುಂಡಿಯನ್ನೂ ಹಾಕಿಕೊಂಡು ಕೂರುವ ಮನುಷ್ಯ. ಹಾರ್ಬಿನ್ ನಗರದ ಇತಿಹಾಸ ತನ್ನ ಜೇಬಿನಲ್ಲೇ ಇದೆ ಅನ್ನುವ ಠೀವಿ ಬೇರೆ.

ಹೊರಗೆ ಸೊಂಗ್‌ಹುವಾ ನದಿ ಗುಡುಗಿತು. ಚಳಿಗಾಲವಿಡೀ ಕಲ್ಲಿನಂತೆ ಬಿದ್ದುಕೊಂಡಿದ್ದ ಮಂಜುಗಡ್ಡೆ ಈಗ ಸೀಳುತ್ತಿತ್ತು. ಇದು ನದಿ ಬಾಗಿಲು ತೆರೆಯುವ ಕಾಲ. ನಡೆಯೋಣವೆಂದರೆ ಗಡ್ಡೆ ಕೊಳೆತಿದೆ, ದೋಣಿ ಬಿಡೋಣವೆಂದರೆ ಮನೆಯಷ್ಟು ದೊಡ್ಡ ಚಪ್ಪಡಿಗಳು ತೇಲಿ ಬಂದು ಡಿಕ್ಕಿ ಹೊಡೆಯುತ್ತವೆ. ನದಿ ನಡುವಿನ ಈ ದ್ವೀಪದಲ್ಲಿ ಇದ್ದವರು ಇದ್ದಲ್ಲೇ ಇರಬೇಕು. ಇವರನ್ನೆಲ್ಲ ದಡ ಸೇರಿಸಲು ಬಂದ ಯೂಫನ್ ಕೂಡ ಇವರ ಜೊತೆಗೇ ಸಿಕ್ಕಿಬಿದ್ದಿದ್ದಳು. ಅವಳ ವೈರ್‌ಲೆಸ್ಸಿನ ಬ್ಯಾಟರಿ ಸತ್ತಿತ್ತು.

ನಿನ್ನೆ ಬೆಳಿಗ್ಗೆ ಶುಚಿನ್‌ಳ ಅಪ್ಪ ಗುವಾನ್ ತಾತ, ಬಲೆ ಹೆಣೆದಿಡುವ ಬಲೆಮನೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಗಡ್ಡೆ ಒಡೆಯುವ ಮರದ ಕೊಡತಿ. ದ್ವೀಪದಲ್ಲಿ ಉಳಿದವರು ಐದೇ ಜನ, ಯೂಫನ್ ಸೇರಿ.

"ಮೇಷ್ಟ್ರೇ, ಅವಳು ಯಾಕೆ ಕೊಲ್ಲಬೇಕು? ಅದನ್ನ ಹೇಳಿ," ಅಂದಳು ಯೂಫನ್.

"ಅದನ್ನೂ ನಾನೇ ಹೇಳಬೇಕಾ? ಮೊನ್ನೆ ರಾತ್ರಿ ಊಟಕ್ಕೆ ನೀವೂ ಇದ್ರಿ."

ಇದ್ದಳು. ಎಲ್ಲರೂ ಇದ್ದರು.

ಆಚೆ ದಡದಲ್ಲಿ ಒಂದು ಬಯಲಿದೆ. ಗುವಾನ್ ಮನೆತನದವರೂ ಅವರ ನೆಂಟರೂ ತಲೆತಲಾಂತರದಿಂದ ಅಲ್ಲಿ ಕಂಬ ನೆಟ್ಟು ಬಲೆ ಒಣಗಿಸುತ್ತ ಬಂದಿದ್ದಾರೆ. ಬಲೆ ಅಂಗಳ ಅಂತಲೇ ಅದಕ್ಕೆ ಹೆಸರು. ಈಗ ಅಲ್ಲೊಂದು ದೊಡ್ಡ ಹೋಟೆಲು ಕಟ್ಟುವ ಮಾತು ನಡೆದಿದೆ. ಅದನ್ನು ತಡೆಯುವುದಕ್ಕೆ ಉಳಿದಿರುವುದು ಒಂದೇ ದಾರಿ. ಹಾರ್ಬಿನ್ ಅನ್ನುವ ಹೆಸರು ಮಂಚು ಭಾಷೆಯದು, ಬಲೆ ಒಣಗಿಸುವ ಜಾಗ ಅಂತ ಅದರ ಅರ್ಥ ಅಂತ ಹಲವರು ಹೇಳುತ್ತಾರೆ. ಆ ಜಾಗ ಇದೇ ಅಂತ ಗೊತ್ತಾದರೆ ಅಲ್ಲಿ ಹೆಸರಿನ ಕಲ್ಲು ನಿಲ್ಲುತ್ತದೆ. ಕಲ್ಲು ನಿಂತ ನೆಲದ ತಂಟೆಗೆ ಯಾರೂ ಬರುವುದಿಲ್ಲ. ಇಲ್ಲವಾದರೆ ಕಂಬ ಕಿತ್ತುಕೊಂಡು ಹೋಗಬೇಕು. ಶುಚಿನ್ ಮತ್ತವಳ ನೆಂಟರು ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಿಲ್ಲ.

ಲೌ ಮೇಷ್ಟ್ರದು ಬೇರೆ ವಾದ. ಆ ಹೆಸರು ಮಂಚುಗಳಿಗಿಂತ ಹಿಂದಿನ ಜುರ್ಚನ್ನರದು, ಹಂಸ ಅಂತ ಅರ್ಥ, ಬಲೆ ಗಿಲೆ ಎಲ್ಲ ಬೆಸ್ತರ ಬೊಗಳೆ ಅಂತ.

ತೀರ್ಮಾನ ಮಾಡಬಲ್ಲವನು ಗುವಾನ್ ತಾತ ಒಬ್ಬನೇ. ನದಿಯ ಈ ಭಾಗದಲ್ಲಿ ಮಂಚು ಮಾತಾಡುತ್ತಿದ್ದವನು ಅವನೊಬ್ಬನೇ. ಅವನ ಬಾಯಿಂದ ಕೇಳಿ ಟೇಪು ಮಾಡಿಕೊಳ್ಳಲೆಂದೇ ಲೌ ಮೇಷ್ಟ್ರೂ ಇನ್ನಿಬ್ಬರು ವಿದ್ವಾಂಸರೂ ಬಂದಿದ್ದು.

ಮೊನ್ನೆ ರಾತ್ರಿ ತಾತ ಜೋಳದ ಸಾರಾಯಿಯ ಲೋಟ ಕೆಳಗಿಟ್ಟು ಅಂದಿದ್ದ: "ನಾಳೆ ಟೇಪಿಗೆ ನಿಜ ಹೇಳ್ತೀನಿ. ಆ ಜಾಗ ಇದೇ ಅಂತ ನಾನು ತೋರಿಸಿದ್ದು ಸುಳ್ಳು. ಆಗ ನಾನು ಹುಡುಗ. ಹೆಸರು ಹುಡುಕ್ಕೊಂಡು ಬಂದ ಜಪಾನಿನವನೊಬ್ಬ ಒಂದು ಚೀಲ ಗೋಧಿ ಹಿಟ್ಟು ಕೊಡ್ತೀನಿ ಅಂದ. ಮನೇಲಿ ಒಲೆ ಹತ್ತಿರಲಿಲ್ಲ. ನಮ್ಮ ಅಂಗಳಾನೇ ತೋರಿಸಿದೆ."

ಶುಚಿನ್ ಆಗ ಬಟ್ಟಲನ್ನು ಗೋಡೆಗೆ ಬೀಸಿದ್ದಳು. "ಸಾಯೋ ಕಾಲಕ್ಕೆ ನಿಜ ನೆನಪಾಯ್ತಾ ಅಪ್ಪಾ? ಅಷ್ಟೂ ಮನೆ ಬೀದಿಗೆ ಬೀಳ್ತವೆ" ಅಂದಿದ್ದಳು. ಅದನ್ನೂ ಎಲ್ಲರೂ ಕೇಳಿದ್ದರು.

"ಮುದುಕ ಟೇಪಿಗೆ ಬಾಯಿ ಬಿಟ್ಟಿದ್ರೆ ನನ್ನ ವಾದ ಗೆಲ್ತಿತ್ತು," ಅಂದ ಲೌ. "ಅವನು ಬದುಕಿರಬೇಕು ಅಂತ ಬೇಡಿಕೊಳ್ಳಬೇಕಾದವನು ನಾನು. ಬಾಯಿ ಮುಚ್ಚಿಸಬೇಕಾದವಳು ಇವಳು. ಇಷ್ಟು ಸಾಲದು ಅಂದ್ರೆ ಹೆಜ್ಜೆ ಗುರುತಿದೆಯಲ್ಲ. ನೀವೇ ತೋರಿಸಿದ್ರಿ."

ಆ ಮಾತಿಗೆ ಶುಚಿನ್‌ಳ ಕತ್ತಿ ಮೊದಲ ಸಲ ನಿಂತಿತು.

ಬಲೆಮನೆಯ ನೆಲದ ಮೇಲೆ, ಗೋಡೆಯ ಬದಿಯಷ್ಟೇ ಬಿಟ್ಟು, ಹೊಸದಾಗಿ ಹೆಣೆದ ಬಲೆ ಹರಡಿತ್ತು. ತಾತ ಬಿದ್ದದ್ದು ಅದರಾಚೆ. ಬಾಗಿಲಿಂದ ನೇರವಾಗಿ ಹೋಗುವುದಾದರೆ ಬಲೆಯನ್ನು ದಾಟಿಯೇ ಹೋಗಬೇಕು. ಆದರೆ ಕೆಸರಿನ ಗುರುತು ಹಾಗೆ ಹೋಗಿರಲಿಲ್ಲ. ಗೋಡೆಗಂಟಿ, ರಾಶಿ ಹಾಕಿದ್ದ ಮೀನಿನ ಬುಟ್ಟಿಗಳ ಹಿಂದೆ ನುಸುಳಿ, ಇಡೀ ಬಲೆಯನ್ನು ಸುತ್ತುಹಾಕಿ ಹೋಗಿತ್ತು. ಬಂದದ್ದೂ ಹಾಗೇ. ಬರುವಾಗ ಓಡಿದ್ದು ಗೊತ್ತಾಗುತ್ತಿತ್ತು. ಕೆಸರು ಕರಗಿ ಕಲಸಿಹೋಗಿದ್ದರಿಂದ ಕಾಲಿನ ಅಳತೆ ಸಿಕ್ಕಿರಲಿಲ್ಲ, ನಡೆದ ದಾರಿ ಮಾತ್ರ ಸಿಕ್ಕಿತ್ತು.

ನದಿಯ ಮೇಲೆ ಹುಟ್ಟಿ ಬೆಳೆದವರು ಬಲೆ ದಾಟುವುದಿಲ್ಲ. ದಾಟಿದರೆ ಆ ಬಲೆಗೆ ಮೀನು ಬೀಳುವುದಿಲ್ಲ, ಹೆಣ ಬೀಳುತ್ತದೆ ಅಂತ ನಂಬಿಕೆ. ಅಂಬೆಗಾಲಿಡುವ ಮಗು ಬಲೆ ತುಳಿದರೂ ಬೆನ್ನಿಗೆ ಏಟು ಬೀಳುತ್ತದೆ. ಬೆಂಕಿ ಬಿದ್ದರೂ ಅವರು ಸುತ್ತಿಕೊಂಡೇ ಓಡುತ್ತಾರೆ.

"ನಮ್ಮಲ್ಲಿ ಬೆಸ್ತರವಳು ಇವಳೊಬ್ಬಳೇ," ಅಂದ ಲೌ. "ಇನ್ನೇನು ಬೇಕು ನಿಮಗೆ?"

"ನನಗೆ ಚಹಾ ಬೇಕು," ಅಂದಳು ಯೂಫನ್, ಎದ್ದು ಹೊರಗೆ ಹೋದಳು.

ಗುರುತು ತೋರಿಸಿದ್ದು ತಾನೇ. ಅದೇ ಗುರುತು ಈಗ ಶುಚಿನ್‌ಳ ಕೊರಳಿಗೆ ಉರುಲಾಗಿತ್ತು. ಬೇರೆ ಯಾರಾದರೂ ಬೇಕೆಂದೇ ಸುತ್ತಿ ನಡೆದಿರಬಹುದು ಅಂತಲೂ ಯೂಫನ್ ಯೋಚಿಸಿದ್ದಳು. ಅದು ಸರಿಹೋಗಲಿಲ್ಲ. ಬೇಕೆಂದು ನಡೆದವನು ನಿಧಾನ ನಡೆಯುತ್ತಾನೆ. ಹೆದರಿ ಓಡುವವನ ಕಾಲು ಅಭ್ಯಾಸದ ದಾರಿ ಹಿಡಿಯುತ್ತದೆ. ತಲೆಗೆ ಗೊತ್ತಿರುವುದು ಬೇರೆ, ಕಾಲಿಗೆ ಗೊತ್ತಿರುವುದು ಬೇರೆ.

ಹಾಗಾದರೆ ಕೇಳಬೇಕಾದದ್ದು ಕಾಲನ್ನೇ.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಮೇಜಿನ ಸುತ್ತ ಕೂತರು. ನವಣೆ ಅನ್ನ, ಎಲೆಕೋಸಿನ ಸಾರು, ನಿನ್ನೆಯ ಆಲೂಗೆಡ್ಡೆ. ಯೂಫನ್ ಒಂದು ಹಳೆಯ ಬಲೆಯನ್ನು ಹೆಗಲ ಮೇಲೆ ಹೊತ್ತು ತಂದು, ಮುಂಬಾಗಿಲ ಹೊಸ್ತಿಲಿನುದ್ದಕ್ಕೂ ಧೊಪ್ಪೆಂದು ಹಾಕಿದಳು.

"ಇದೇನ್ರೀ, ಊಟದ ಹೊತ್ತಲ್ಲಿ?" ಅಂದಳು ಹ್ವಾಂಗ್.

ಹ್ವಾಂಗ್ ಸುನ್‌ಬೋಕ್ ಯಾಂಜಿ ಊರಿನ ಕೊರಿಯನ್ ಹೆಂಗಸು. ಹೆಸರುಗಳ ಬಗ್ಗೆ ಪಾಠ ಹೇಳುವವಳು. ಟೇಪ್ ರೆಕಾರ್ಡರು ಅವಳದೇ. ಬಾಯಿ ತುಂಬ ಅನ್ನವಿದ್ದರೂ ಮಾತು ನಿಲ್ಲಿಸುವವಳಲ್ಲ.

"ಗಂಟು ನೋಡಬೇಕು. ಆಮೇಲೆ ತೆಗೀತೀನಿ, ನೀವು ಊಟ ಮಾಡಿ."

"ನೋಡಿ, ನೋಡಿ. ನಾವಂತೂ ಆಗಲೇ ಬಲೇಲಿ ಬಿದ್ದಿದ್ದೀವಿ. ರಷ್ಯನ್ನರು ಖರ್ಬಿನ್ ಅಂದ್ರು, ಜಪಾನಿನವರು ಹರುಬಿನ್ ಅಂದ್ರು, ನಮ್ಮಜ್ಜ ಹಾಪಿಬಿನ್ ಅಂತಿದ್ದ. ಒಂದೇ ಹೆಸರು, ಯಾರ್ಯಾರ ಬಾಯಿಗೆ ಹೆಂಗೆ ಬಂತೋ ಹಂಗೆ. ಬರೆದ ಚೀನಾ ಅಕ್ಷರಕ್ಕೂ ಅರ್ಥ ಇಲ್ಲ, ಬರೀ ಸದ್ದು. ಅರ್ಥ ಹುಡುಕ್ಕೊಂಡು ಬಂದ ನಾವು ಮೂರ್ಖರು ಇಲ್ಲಿ ಕೊಳೆತ ಆಲೂಗೆಡ್ಡೆ ತಿಂತಿದ್ದೀವಿ."

"ಆಲೂಗೆಡ್ಡೆ ಕೊಳೆತಿಲ್ಲ," ಅಂದಳು ಶುಚಿನ್.

ಮೇಜಿನ ತುದಿಯಲ್ಲಿ ಕುವಬರ ತಲೆಬಾಗಿಸಿ ತಿನ್ನುತ್ತಿದ್ದ. ಐವತ್ತು ದಾಟಿದ ಜಪಾನಿ ವಿದ್ವಾಂಸ, ತೆಳ್ಳನೆಯ ಕೈ, ಚಿನ್ನದ ಕಟ್ಟಿನ ಕನ್ನಡಕ. "ಭೋಜನ ರುಚಿಕರವಾಗಿದೆ. ಧನ್ಯವಾದಗಳು," ಅಂದ. ಅವನ ಚೀನೀ ಮಾತು ಪಠ್ಯಪುಸ್ತಕದಿಂದ ಕತ್ತರಿಸಿ ಅಂಟಿಸಿದ ಹಾಗಿರುತ್ತಿತ್ತು.

ಯೂಫನ್ ಹೊರಗೆ ಹೋಗಿ ಮನೆಯ ಮೂಲೆಯಲ್ಲಿ ನಿಂತಳು. ಅಲ್ಲಿಂದ ಮುಂಬಾಗಿಲೂ ಕಾಣುತ್ತಿತ್ತು, ಅಡಿಗೆಮನೆಯ ಹಿಂಬಾಗಿಲೂ ಕಾಣುತ್ತಿತ್ತು. ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

"ದೋಣಿ ಬಂತು. ಓಡಿ ಬನ್ನಿ, ನಿಲ್ಲೋದಿಲ್ಲವಂತೆ."

ಒಳಗೆ ಬೆಂಚು ಉರುಳಿದ ಸದ್ದಾಯಿತು. ಮುಂಬಾಗಿಲಿಂದ ಮೊದಲು ಲೌ ಬಂದ, ಬಲೆಯ ಮೇಲಿಂದ ಹೋತದಂತೆ ಹಾರಿ, ಬಾಯಲ್ಲಿ ಇನ್ನೂ ಅನ್ನ. ಅವನ ಹಿಂದೆಯೇ ಹ್ವಾಂಗ್ ಬಲೆಯ ನಡುವೆ ಕಾಲಿಟ್ಟು, ಸಿಕ್ಕಿಕೊಂಡು, ಬಲೆಯ ಸಮೇತ ಅಂಗಳಕ್ಕೆ ಬಿದ್ದಳು.

ಹಿಂಬಾಗಿಲಿಂದ ಶುಚಿನ್ ಓಡಿ ಬಂದಳು. ಅದು ಗೊತ್ತಿದ್ದದ್ದೇ.

ಅವಳ ಬೆನ್ನಿಗೇ, ಒಂದು ಕೈಯಲ್ಲಿ ಕನ್ನಡಕ ಹಿಡಿದು, ಕುವಬರ ಓಡಿ ಬಂದ.

ಇದು ಯೂಫನ್‌ಳಿಗೆ ಗೊತ್ತಿರಲಿಲ್ಲ.

"ಎಲ್ಲಿ ದೋಣಿ?" ಲೌ ನೀರಿನಂಚಿನವರೆಗೂ ಓಡಿ ತಿರುಗಿ ಬಂದ. ಮುಖ ಕೆಂಪಗಾಗಿತ್ತು. "ಎಲ್ಲಿ ಅಂದೆ?"

"ಇಲ್ಲ. ಒಳಗೆ ನಡೀರಿ."

"ನಮ್ಮನ್ನ ಏನಂದ್ಕೊಂಡಿದ್ದೀರಿ ನೀವು? ದನಾನಾ? ಇಷ್ಟು ದಿನದಿಂದ ಜೀವ ಕೈಯಲ್ಲಿ ಹಿಡ್ಕೊಂಡು..." ಅವನ ದನಿ ಒಡೆಯಿತು. ಆ ಮನುಷ್ಯ ಅಳುವುದರಲ್ಲಿದ್ದ. ಯೂಫನ್‌ಳಿಗೆ ಅರೆಗಳಿಗೆ ಪಾಪ ಅನಿಸಿತು, ಆಮೇಲೆ ಅನಿಸಲಿಲ್ಲ.

"ಅಯ್ಯೋ, ನನ್ನ ಕಾಲು ಬಿಡಿಸ್ರೀ ಮೊದಲು," ಅಂದಳು ಹ್ವಾಂಗ್ ಕೆಸರಲ್ಲಿ ಕೂತು.

ಎಲ್ಲರೂ ಒಳಗೆ ಬಂದು ಕೂತ ಮೇಲೆ ಯೂಫನ್ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು.

"ಕುವಬರ ಅವರೇ, ಅಡಿಗೆಮನೆ ಕಡೆಯಿಂದ ಯಾಕೆ ಬಂದ್ರಿ?"

"ಮುಂಬಾಗಿಲಿನಲ್ಲಿ ಜನಸಂದಣಿಯಿತ್ತು."

"ಇಬ್ಬರ ಸಂದಣೀನಾ?"

"ನಾನು ವೃದ್ಧನಾಗುತ್ತಿದ್ದೇನೆ. ನೂಕಾಟಕ್ಕೆ ಅಂಜುತ್ತೇನೆ."

"ಅಡಿಗೆಮನೆ ದಾರಿ ಉದ್ದ. ಒಲೆ ಸುತ್ತಬೇಕು, ಸೌದೆ ದಾಟಬೇಕು. ದೋಣಿ ನಿಲ್ಲಲ್ಲ ಅಂತ ನಾನು ಕೂಗಿದ್ದೆ. ನಿಮಗೆ ಮನೆ ಸೇರೋ ಆಸೆ ಇವರಿಗಿಂತ ಕಮ್ಮಿ ಇಲ್ಲ. ಆದ್ರೂ ಆ ಬಲೆ ದಾಟೋಕೆ ನಿಮ್ಮ ಕಾಲು ಬರಲಿಲ್ಲ."

ಕುವಬರ ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹುಟ್ಟಿದ್ದು ಹಾರ್ಬಿನ್‌ನ ದೊಡ್ಡ ಬೀದೀಲಿ, ನದಿ ಕಡೆ ಬಂದೇ ಇರಲಿಲ್ಲ, ಯುದ್ಧ ಮುಗಿದ ತಕ್ಷಣ ಅಪ್ಪ ಅಮ್ಮನ ಜೊತೆ ಹಡಗು ಹತ್ತಿದೆ ಅಂತ ನೀವು ಹೇಳಿದ್ರಿ. ಆ ಹುಡುಗನಿಗೆ ಬಲೆ ಸುತ್ತೋದು ಯಾರು ಕಲಿಸಿದ್ರು?"

ಅವನು ಕನ್ನಡಕ ಮಡಚಿ ಮೇಜಿನ ಮೇಲಿಟ್ಟ.

ಆಮೇಲೆ ಕುವಬರ ಬಾಯಿ ತೆರೆದ. ಬಂದ ಮಾತು ಪುಸ್ತಕದ್ದಾಗಿರಲಿಲ್ಲ. ನದಿ ದಡದ ಬೆಸ್ತರ ಮಾತು, ಒರಟು, ಮೂಗಿನಲ್ಲಿ ಎಳೆಯುವಂಥದ್ದು.

"ಇವಳ ಅವ್ವ ಕಲಿಸಿದ್ದು. ಸೌದೆ ತಗೊಂಡು ಬಾರಿಸಿ ಕಲಿಸಿದ್ದು."

ಶುಚಿನ್ ತಿರುಗಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಅಚ್ಚರಿ ಇರಲಿಲ್ಲ. ಅದನ್ನು ಯೂಫನ್ ಗಮನಿಸಿದಳು.

"ನಮ್ಮಪ್ಪ ಯುದ್ಧದಾಗೆ ಸತ್ತ. ಅವ್ವ ನಿರಾಶ್ರಿತರ ಶಿಬಿರದಾಗೆ ಜ್ವರ ಬಂದು ಸತ್ತಳು. ನಾನು ನದಿ ದಂಡೇಲಿ ಮೀನಿನ ಕರುಳು ಹೆಕ್ಕಿ ತಿಂತಿದ್ದೆ. ಗುವಾನ್ ನನ್ನ ಎತ್ಕೊಂಡು ಬಂದ. ಆಚೆ ದಡದ ಮನೇಲಿ ಮೂರು ಚಳಿಗಾಲ ಇದ್ದೆ. ಇವಳು ಆಗ ಕೂಸು. ಬೆನ್ನಿಗೆ ಕಟ್ಕೊಂಡು ತಿರುಗಿದ್ದೀನಿ."

"ಇದನ್ನ ಮುಚ್ಚಿಡೋದು ಯಾಕೆ?" ಅಂದಳು ಹ್ವಾಂಗ್. ಅವಳ ತಮಾಷೆ ಹಾರಿಹೋಗಿತ್ತು.

"ಇಲ್ಲಿ ಜಪಾನಿ ಮರಿ ಅಂತ ಕಲ್ಲು ಹೊಡೀತಿದ್ರು. ಜಪಾನಿಗೆ ಹೋದ್ಮೇಲೆ ಚೀನಾದವನು ಅಂತ ಹೊಡೆದ್ರು. ಎರಡೂ ಕಡೆ ಏಟು ತಿಂದೋನು ಮುಚ್ಚಿಡೋದನ್ನ ಬೇಗ ಕಲೀತಾನೆ."

"ಹಿಟ್ಟಿನ ಚೀಲ ಕೊಟ್ಟ ಜಪಾನಿನವನು ಯಾರು?" ಅಂದಳು ಯೂಫನ್. ಉತ್ತರ ಅವಳಿಗೆ ಆಗಲೇ ಹೊಳೆದಿತ್ತು.

"ನಮ್ಮಪ್ಪ. ಊರೂರು ತಿರುಗಿ ಜಾಗದ ಹೆಸರು ಕೂಡಿಸ್ತಿದ್ದ. ಆ ಅಂಗಳ ಅವನು ಕಂಡುಹಿಡಿದ ಜಾಗ ಅಂತಲೇ ನಾನು ಮೂವತ್ತು ವರ್ಷ ಬರೆದೆ, ಪಾಠ ಮಾಡಿದೆ, ಹೆಸರು ತಗೊಂಡೆ. ಅಪ್ಪನಿಂದ ನನಗೆ ಉಳಿದಿದ್ದು ಅದೊಂದೇ."

"ಮುದುಕ ನಿಜ ಹೇಳಿದ್ರೆ ಅದೂ ಉಳೀತಿರಲಿಲ್ಲ," ಅಂದ ಲೌ. ಈಗ ಅವನ ದನಿಗೆ ಮತ್ತೆ ಗಟ್ಟಿತನ ಬಂದಿತ್ತು. "ಅದಕ್ಕೇ ಸಾಕಿದವನ ತಲೇನೇ ಒಡೆದ."

"ಒಡೀಲಿಲ್ಲ."

"ಹೆಜ್ಜೆ?"

"ಹೆಜ್ಜೆ ನಂದೇ. ಒಳಗೆ ಹೋದೆ, ಮುಟ್ಟಿದೆ, ತಣ್ಣಗಿದ್ದ. ಓಡಿದೆ. ಹೇಡಿ ನಾನು. ಆದ್ರೆ ಕೈ ಎತ್ತಲಿಲ್ಲ." ಅವನು ಯೂಫನ್ ಕಡೆ ತಿರುಗಿದ. "ಅದಕ್ಕೂ ಮೊದಲು ಒಂದು ಸಲ ಹೋಗಿದ್ದೆ. ಮಾತಾಡಬೇಡ ಅಂತ ಕಾಲಿಗೆ ಬೀಳೋಣ ಅಂತ. ಬಾಗಿಲ ಹೊರಗೇ ನಿಂತೆ. ಒಳಗೆ ಮಾತು ನಡೀತಿತ್ತು."

"ಯಾರ ಜೊತೆ?"

"ಗೊತ್ತಿಲ್ಲ. ತಾತ ಮಂಚು ಮಾತಾಡ್ತಿದ್ದ."

"ಅವನು ಒಬ್ಬನೇ ಇದ್ದಾಗ ಗೊಣಗ್ತಾನೆ," ಅಂದ ಲೌ. "ನಾವೆಲ್ಲ ಕೇಳಿದ್ದೀವಿ."

"ಗೊಣಗ್ತಿರಲಿಲ್ಲ. ಉತ್ತರ ಬರ್ತಿತ್ತು, ಅದೇ ಭಾಷೇಲಿ. ತಡವರಿಸದೆ, ನೀರು ಹರಿದ ಹಂಗೆ."

ಹ್ವಾಂಗ್ ಎದ್ದು ನಿಂತುಬಿಟ್ಟಳು. ಕಣ್ಣು ಹೊಳೆಯುತ್ತಿತ್ತು. "ಇನ್ನೊಬ್ಬರಿದ್ದಾರಾ? ಈ ನದೀಲಿ ಇನ್ನೊಬ್ಬರು ಮಂಚು ಮಾತಾಡೋರು..." ಅಂದವಳಿಗೆ ತಾನು ಏನು ಹೇಳುತ್ತಿದ್ದೇನೆ ಅಂತ ಹೊಳೆಯಿತು. ಮೆಲ್ಲಗೆ ಕೂತಳು.

"ಗಂಡಸಾ, ಹೆಂಗಸಾ?" ಅಂದಳು ಯೂಫನ್.

ಕುವಬರ ನೆಲ ನೋಡಿದ. "ಹೆಂಗಸು. ಅಳ್ತಿರಲಿಲ್ಲ. ಬಯ್ತಿದ್ದಳು."

ಹ್ವಾಂಗ್ ಮೇಜಿನ ಅಂಚು ಹಿಡಿದಿದ್ದಳು. ಅವಳಿಗೆ ಬರುವ ಮಂಚು ಪುಸ್ತಕದ್ದು. ಒಂದು ವಾಕ್ಯ ಆಡಬೇಕಾದರೂ ಮೂರು ಸಲ ನಿಲ್ಲುತ್ತಿದ್ದಳು, ತಾತ ಅದಕ್ಕೆ ನಗುತ್ತಿದ್ದ. ಎಲ್ಲರ ಕಣ್ಣೂ ಒಲೆಯ ಕಡೆ ಹೋಯಿತು.

ಶುಚಿನ್ ಕೈ ಒರೆಸಿಕೊಂಡಳು.

"ಅಕ್ಕಾ," ಅಂದಳು ಹ್ವಾಂಗ್ ಮೆಲ್ಲಗೆ, "ನಿಮಗೆ ಆ ಭಾಷೆ ಬರುತ್ತಾ? ಮೊದಲ ದಿನ ಕೇಳಿದಾಗ ಒಂದು ಪದಾನೂ ಬರಲ್ಲ ಅಂದಿದ್ರಿ."

"ಬಂದ್ರೆ ನೀವು ನನ್ನ ಬಾಯಿಗೂ ಟೇಪು ಹಿಡೀತೀರಿ. ಹಿಡಿದ್ರೆ ನನ್ನಜ್ಜಿ ಆ ಊರಿಗೆ ಏನಂತಿದ್ದಳು, ಎಲ್ಲಿ ಕೈ ತೋರಿಸ್ತಿದ್ದಳು ಅಂತ ಕೇಳ್ತೀರಿ. ಹೇಳಿದ್ರೆ ಅಂಗಳ ಹೋಗುತ್ತೆ." ಅವಳು ಸಾರಿನ ಮಡಕೆಗೆ ಮುಚ್ಚಳ ಹಾಕಿದಳು. "ಅದಕ್ಕೇ ನನಗೆ ಬರಲ್ಲ."

"ಮೊನ್ನೆ ರಾತ್ರಿ ಬಲೆಮನೇಲಿ ಇದ್ದವಳು ನೀನೇನಾ?" ಅಂದಳು ಯೂಫನ್.

"ನಾನು ಹ್ಞೂಂ ಅಂದ್ರೆ ಕೊಲೆಗಾತಿ. ಕೊಲೆಗಾತಿ ಮನೆಯವರ ಅಂಗಳಕ್ಕೆ ಯಾವನು ಕಲ್ಲು ನೆಡ್ತಾನೆ? ಉಹ್ಞೂಂ ಅಂದ್ರೆ ಅಣ್ಣ ಸುಳ್ಳ. ಅಣ್ಣ ಸುಳ್ಳ ಅಂತಾದ್ರೆ ಅವನಪ್ಪ ಕಂಡುಹಿಡಿದ ಜಾಗಾನೂ ಸುಳ್ಳೇ. ಯಾವ ಕಡೆಯಿಂದ ಹೋದ್ರೂ ನೀವು ನನ್ನ ಅಂಗಳಕ್ಕೇ ಬಂದು ನಿಲ್ತೀರಲ್ಲ ಇನ್ಸ್‌ಪೆಕ್ಟರಮ್ಮ."

ಅಣ್ಣ ಅಂದಳು. ಕುವಬರನ ಮುಖ ಕುಸಿಯಿತು. "ನಿನಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ ಅಪ್ಪ ಹೇಳಿದ. ನೀನೇ ಬಾಯಿ ಬಿಡಲಿ ಅಂತ ಕಾದ. ನೀನು ಭೋಜನ ರುಚಿಕರವಾಗಿದೆ ಅಂದೆ."

ಅವಳು ಬಕೆಟ್ಟು ಎತ್ತಿಕೊಂಡಳು. "ಹಂಡೇಲಿ ನೀರು ಮುಗಿದಿದೆ. ತಂದು ಬಂದು ಹೇಳ್ತೀನಿ, ಕೇಳೋರು ಕೇಳಿ."

ಲೌ ಎದ್ದ. "ಬಿಡಬೇಡಿ ಅವಳನ್ನ."

"ಎಲ್ಲಿಗೆ ಹೋಗ್ತಾಳೆ? ರೆಕ್ಕೆ ಇದೆಯಾ?" ಅಂದಳು ಯೂಫನ್, ಬಾಗಿಲಿಂದ ಸರಿದು ದಾರಿ ಕೊಟ್ಟಳು. ಲೌ ಹೇಳಿದ್ದಕ್ಕೆ ವಿರುದ್ಧ ಮಾಡುವ ಹಟವೂ ಅದರಲ್ಲಿ ಸ್ವಲ್ಪ ಇತ್ತು.

ಶುಚಿನ್ ಹೊಸ್ತಿಲಲ್ಲಿ ನಿಂತು ಏನೋ ಒಂದು ಮಾತು ಹೇಳಿದಳು. ಚೀನೀ ಅಲ್ಲ. ನಾಲ್ಕೈದು ಪದ, ಮೆತ್ತಗೆ. ಹೇಳಿ ಹೋದಳು.

ಹ್ವಾಂಗ್ ಬಿಳಿಚಿಕೊಂಡಳು. ತುಟಿಯಲ್ಲೇ ಆ ಪದಗಳನ್ನು ತಿರುವಿ ನೋಡುತ್ತಿದ್ದಳು.

"ಏನಂದಳು?" ಅಂದಳು ಯೂಫನ್.

"ತಡೀರಿ, ತಡೀರಿ... ಅಪ್ಪ ಬಿದ್ದ ಅಂದಳು... ಇಲ್ಲ, ಅಪ್ಪ ಬಿದ್ದಾಗ... ಬಾಗಿಲಲ್ಲಿ..." ಹ್ವಾಂಗ್ ಹಣೆ ಒತ್ತಿಕೊಂಡಳು. "ಬಾಗಿಲಲ್ಲಿ ಒಬ್ಬರನ್ನ ನೋಡಿದೆ ಅಂದಳು."

"ಯಾರನ್ನ?"

"ಹೆಸರು ಹೇಳಲಿಲ್ಲ."

ಯೂಫನ್ ಬಾಗಿಲು ತಳ್ಳಿಕೊಂಡು ಓಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ದಡದ ಗಡ್ಡೆಯಲ್ಲಿ ಕೊರೆದ, ನೀರು ಸೇದುವ ಕಿಂಡಿಯ ಪಕ್ಕ ಬಕೆಟ್ಟು ನೆಟ್ಟಗೆ ನಿಂತಿತ್ತು, ಖಾಲಿ. ಗಡ್ಡೆ ಗಟ್ಟಿಯಿದೆಯೇ ಅಂತ ತಟ್ಟಿ ನೋಡಲು ಗೋಡೆಗೆ ಒರಗಿಸಿದ್ದ ಉದ್ದನೆಯ ಕೋಲು ಕಾಣಲಿಲ್ಲ.

ಕರಗುತ್ತಿದ್ದ ಹಿಮದಲ್ಲಿ ಹೆಜ್ಜೆಗಳು ದಡ ಇಳಿದು, ಮಂಜುಗಡ್ಡೆಯ ಮೇಲೆ ಹತ್ತಿ, ಆಚೆ ದಡದ ಕಂಬಗಳ ಕಡೆಗೆ ಹೋಗಿದ್ದವು. ಅಲ್ಲಲ್ಲಿ ಕೋಲಿನ ತುದಿ ಊರಿದ ತೂತುಗಳು. ಒಂದಷ್ಟು ದೂರ ಹೋದ ಮೇಲೆ ಹೆಜ್ಜೆಗಳಿದ್ದ ಚಪ್ಪಡಿಯೇ ಕಡಿದುಹೋಗಿತ್ತು. ಅದು ಆಗಲೇ ಹೊಳೆಯ ಪಾಲಾಗಿ, ತಿರುಗುತ್ತ ತಿರುಗುತ್ತ, ಉಳಿದ ನೂರಾರು ಚಪ್ಪಡಿಗಳ ನಡುವೆ ಎಲ್ಲೋ ಸೇರಿಹೋಗಿತ್ತು.

"ತಂಗೀ," ಅಂತ ಕುವಬರ ದಡದಲ್ಲಿ ಮಂಡಿಯೂರಿ ಕೂಗಿದ. ಗಡ್ಡೆ ಸೀಳುವ ಸದ್ದಿನಲ್ಲಿ ಆ ಕೂಗು ಅವನ ಪಕ್ಕದವರಿಗೇ ಸರಿಯಾಗಿ ಕೇಳಲಿಲ್ಲ.

ಯೂಫನ್ ಹಿಂತಿರುಗಿ ನೋಡಿದಳು. ಹ್ವಾಂಗ್ ಬಾಗಿಲ ಬಳಿ ನಿಂತಿದ್ದಳು. ಲೌ ಅವಳ ಹಿಂದೆ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದ. ಈ ಮೂವರಲ್ಲಿ ಬಾಗಿಲಲ್ಲಿ ನಿಂತಿದ್ದವರು ಯಾರು ಅಂತ ಹೇಳಬಲ್ಲವಳು ನದಿಯ ಮೇಲಿದ್ದಳು.

ಬೆಳಕು ಹೋಗುವವರೆಗೂ ಯೂಫನ್ ಅಲ್ಲೇ ನಿಂತು ಆಚೆ ದಡವನ್ನು ನೋಡಿದಳು. ಬಲೆ ಅಂಗಳದ ಕಂಬಗಳ ನಡುವೆ ಯಾರೂ ಓಡಾಡಲಿಲ್ಲ. ಯಾರೂ ಕೈ ಬೀಸಲಿಲ್ಲ.

ಶುಚಿನ್ ಬರಲಿಲ್ಲ.